ರೂಹಿಯಾ ಅಬ್ಲಾ ಹೇಳದ ಹೆಸರು

"ಉಮ್ ಶೌಕಿ, ಡಾಕ್ಟರು ತನ್ನ ಹತ್ರ ಬಂದೋರ ಕಾಯಿಲೇನ ಬೀದಿ ಬಾಗಿಲಿಗೆ ಬರೆದು ತೂಗುಹಾಕ್ತಾನಾ? ಇಲ್ಲ. ಹೆರಿಗೆ ಮಾಡಿಸೋ ಸೂಲಗಿತ್ತಿ ಕೂಡ ಒಳಗೆ ನೋಡಿದ್ದನ್ನ ಒಳಗೇ ಬಿಟ್ಟು ಕೈ ತೊಳ್ಕೊಂಡು ಬರ್ತಾಳೆ. ನಾನು ಮಾತ್ರ ತೂಗುಹಾಕ್ದೆ. ಅದೂ ಹಸಿರು ಶಾಯೀಲಿ, ಮೂರು ಸಂಜೆ ಕೂತು, ಅಂಚಿಗೆ ಬಳ್ಳಿ ಬಿಡಿಸಿ. ಯಾರೂ ನನ್ನ ಕೈ ತಿರುಚಿ ಬರೆಸ್ಲಿಲ್ಲ. ನನ್ನ ಹುಡುಗೀರು ಎಂಥೆಂಥ ಪುಸ್ತಕ ಓದ್ತಾರೆ ನೋಡಿ ಅಂತ ಊರಿಗೆ ತೋರಿಸ್ಬೇಕಿತ್ತು ನಂಗೆ. ಪುಸ್ತಕ ತಗೊಳ್ಳೋಕೆ ಬಂದ ಹುಡುಗಿ ಮೇಜಿನ ಮುಂದೆ ನಿಂತಾಗ ಅವಳ ಕೈಲಿರೋದು ಬರೀ ಪುಸ್ತಕ ಅಲ್ಲ. ಮನೇಲಿ ಕೇಳೋಕಾಗದ ಒಂದು ಪ್ರಶ್ನೆ ಅದು. ಅಮ್ಮನ್ನ ಕೇಳಿದ್ರೆ ಬಾಯಿ ಮುಚ್ಚು ಅಂತಾಳೆ. ಟೀಚರನ್ನ ಕೇಳಿದ್ರೆ ಕ್ಲಾಸೆಲ್ಲ ನಗುತ್ತೆ. ಅದಕ್ಕೇ ಕಪಾಟಿನ ಹತ್ರ ಬರ್ತಾಳೆ. ಕಪಾಟು ನಗಲ್ಲ, ಮನೆಗೆ ಹೋಗಿ ಚಾಡಿ ಹೇಳಲ್ಲ. ಆ ಕಪಾಟಿನ ಬೀಗದ ಕೈ ನನ್ನ ಹತ್ರ ಇತ್ತು ಅಂದ್ಮೇಲೆ ನನ್ನ ಬಾಯಿಗೂ ಒಂದು ಬೀಗ ಇರ್ಬೇಕಿತ್ತು. ಹದಿನಾಲ್ಕು ವರ್ಷ ಇತ್ತು. ಒಂದು ದಿನ ಮರೆತೆ. ನೀನು ಯಾರಿಗಾದ್ರೂ ನನ್ನ ವಿಷಯ ಹೇಳೋದಾದ್ರೆ ಇದನ್ನ ಮೊದಲು ಹೇಳು. ಒಳ್ಳೇದೇನಾದ್ರೂ ಉಳಿದಿದ್ರೆ ಆಮೇಲೆ ಹೇಳು."

ಉಮ್ ಶೌಕಿ, ಶೌಕಿಯ ಅಮ್ಮ, ಅಂದರೆ ನಾನು. ಅವರು ಹೇಳಿದ ಹಾಗೆಯೇ ಇದನ್ನು ಮೊದಲಿಗೆ ಇಟ್ಟಿದ್ದೇನೆ. ರೂಹಿಯಾ ಅಬ್ಲಾ, ಶಾಲೆಯ ಅಕ್ಕನವರನ್ನು ನಾವು ಅಬ್ಲಾ ಎನ್ನುತ್ತೇವೆ, ಹೋದ ಚಳಿಗಾಲದಲ್ಲಿ ತೀರಿಕೊಂಡರು. ನಮ್ಮೂರು ಕೋಮ್ ಸಿದ್ರಾದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತೇಳು ವರ್ಷ ಲೈಬ್ರರಿ ನೋಡಿಕೊಂಡವರು. ಅದೇ ಶಾಲೆಯಲ್ಲಿ ನಾನು ಕಸ ಗುಡಿಸಿ, ನೀರು ತುಂಬಿಸಿ, ಟೀಚರುಗಳಿಗೆ ಟೀ ಕಾಯಿಸಿಕೊಂಡು ಇದ್ದೆ. ನಾಲ್ಕಕ್ಷರ ಕಲಿತಿದ್ದರೆ ಅದು ಅವರ ಕಪಾಟಿನ ಮೇಲೆ ಅಂಟಿಸಿದ್ದ ಚೀಟಿಗಳಿಂದ.

ಅವರು ಬಂದದ್ದು ದೊಡ್ಡ ಅಣೆಕಟ್ಟು ಮುಗಿದ ಮಾರನೇ ವರ್ಷ, ತಹ್ತಾ ಪಟ್ಟಣದಿಂದ, ಒಂದು ಟ್ರಂಕು ಮತ್ತು ಕಣ್ಣು ಮಂಜಾದ ತಾಯಿಯ ಜೊತೆ. ಮದುವೆ ಆಗಿರಲಿಲ್ಲ, ಮುಂದೆಯೂ ಆಗಲಿಲ್ಲ. ಅವರಿಗಿಂತ ಮುಂಚೆ ಇದ್ದ ಮಹಾಶಯರು ಕಪಾಟಿನ ಬೀಗ ತೆಗೆದದ್ದನ್ನೇ ನಾನು ಕಂಡಿರಲಿಲ್ಲ. ನಮ್ಮಲ್ಲಿ ಶಾಲೆಯ ಪುಸ್ತಕವೆಲ್ಲ ಲೈಬ್ರರಿಯವರ ಹೆಸರಿಗೇ ಬರೆದಿರುತ್ತದೆ. ಒಂದು ಕಳೆದರೂ ಅವರ ತಲೆಗೇ ಬರುತ್ತದೆ. ಹಾಗಾಗಿ ಬುದ್ಧಿವಂತರು ಬೀಗ ಜಡಿದು, ಬೀಗದ ಮೇಲೆ ಅರಗಿನ ಮುದ್ರೆ ಒತ್ತಿ, ನಿವೃತ್ತಿಯಾಗುವವರೆಗೆ ಟೀ ಕುಡಿಯುತ್ತಾರೆ. ಅಬ್ಲಾ ಬಂದ ಮೂರನೇ ದಿನವೇ ಅರಗು ಕೆರೆದು ತೆಗೆದರು. ಒಳಗಿಂದ ಬಂದ ಧೂಳಿಗೆ ಇಬ್ಬರೂ ಅರ್ಧ ಗಂಟೆ ಸೀನಿದೆವು.

ಅವರಿಗೆ ಕೆಲವು ಕಟ್ಟುಪಾಡುಗಳಿದ್ದವು. ಹುಡುಗಿ ಪುಸ್ತಕ ಆರಿಸುವಾಗ ಅವರು ಕಿಟಕಿಯ ಕಡೆ ತಿರುಗಿ ನಿಲ್ಲುತ್ತಿದ್ದರು. ಯಾಕೆ ಬೇಕು ಎಂದು ಕೇಳುತ್ತಿರಲಿಲ್ಲ. ವಾಪಸು ಕೊಟ್ಟಾಗ ಅರ್ಥವಾಯಿತಾ ಎಂದೂ ಕೇಳುತ್ತಿರಲಿಲ್ಲ. ಯಾರು ಏನು ಒಯ್ದರು ಎಂದು ಬರೆಯುವ ದಫ್ತರು ಮೇಜಿನ ಒಳಖಾನೆಯಲ್ಲಿ ಇರುತ್ತಿತ್ತು, ಟೀಚರುಗಳಿಗೂ ತೋರಿಸುತ್ತಿರಲಿಲ್ಲ. ಒಮ್ಮೆ ಹೆಡ್‌ಮಿಸ್ಟ್ರೆಸ್ ದೌಲತ್ ಅವರೇ ಬಂದು, ಹೆರಿಗೆಯ ವಿಷಯದ ಆ ಪುಸ್ತಕ ಈಗ ಯಾರ ಹತ್ತಿರ ಇದೆ ಎಂದು ಕೇಳಿದರು. ಅಬ್ಲಾ ಎದ್ದು ನಿಂತು, "ಗುರುವಾರ ವಾಪಸ್ ಬರುತ್ತೆ ಮೇಡಂ, ನಿಮಗೆ ಬೇಕಿದ್ರೆ ತೆಗೆದಿಡ್ತೀನಿ" ಎಂದರು. ದೌಲತ್ ಅವರಿಗೆ ಆಗಲೇ ಐವತ್ತೆಂಟು. ನಾನು ಟೀ ಲೋಟ ಎತ್ತಿಕೊಂಡು ಹೊರಗೆ ಬಂದು ಗೋಡೆಗೆ ಒರಗಿ ನಕ್ಕೆ.

ಇನ್ನು ವಸ್ಫಿಯಾ ವಿಷಯ. ಅವಳು ಹಾಜಿ ಅಬುದೈಫ್ ಅವರ ತಮ್ಮನ ಮಗಳು. ತಂದೆ ಕಲ್ಲು ಗಣಿಯಲ್ಲಿ ಸತ್ತ ಮೇಲೆ ದೊಡ್ಡಪ್ಪನ ಮನೆಯಲ್ಲೇ ಬೆಳೆದವಳು. ಹುಟ್ಟಿದ ದಿನವೇ ದೊಡ್ಡಪ್ಪನ ಮಗನಿಗೆ ಎಂದು ಮಾತಾಗಿತ್ತು, ನಮ್ಮ ಕಡೆ ಅದೇನೂ ಹೊಸದಲ್ಲ. ಹಾಜಿ ಅವಳನ್ನು ಸ್ವಂತ ಮಗಳಿಗಿಂತ ಕಡಿಮೆ ನೋಡಿದವರಲ್ಲ. ಶಾಲೆಗೆ ಕಳಿಸಿದ್ದೂ ಅವರೇ. ಹುಡುಗಿ ಕೊನೆಯ ವರ್ಷದಲ್ಲಿದ್ದಳು. ಪರೀಕ್ಷೆ ಪಾಸಾದರೆ ಜಿಲ್ಲಾ ಪಟ್ಟಣ ಸೊಹಾಗ್‌ನಲ್ಲಿ ಎರಡು ವರ್ಷ ಟೀಚರ್ ಕೆಲಸ ಕಲಿತು ಬಂದು ಆಮೇಲೆ ಮದುವೆ, ಎಂದು ದೊಡ್ಡಪ್ಪ ಅರೆಬಾಯಲ್ಲಿ ಒಪ್ಪಿದ್ದರಂತೆ. ಪರೀಕ್ಷೆಗೆ ಮೂರು ತಿಂಗಳು ಇತ್ತು.

ಆ ವರ್ಷ ಅವಳು ಒಂದು ಪುಸ್ತಕವನ್ನು ನಾಲ್ಕು ಸಲ ಒಯ್ದಳು. ಮದುವೆಯ ಕಾನೂನನ್ನು ಹೆಣ್ಣುಮಕ್ಕಳಿಗೆ ತಿಳಿಯುವಂತೆ ಬರೆದ ತೆಳ್ಳನೆಯ ಪುಸ್ತಕ. ಮದುವೆ ಬರೆಸುವವರು ಹುಡುಗಿಯನ್ನು ಏನು ಕೇಳಬೇಕು, ಹುಡುಗಿ ಯಾವ ಷರತ್ತು ಬರೆಸಬಹುದು, ಅಂಥದ್ದೆಲ್ಲ ಇತ್ತಂತೆ. ಊಟದ ಬಿಡುವಿನಲ್ಲಿ ನೀರಿನ ತೊಟ್ಟಿಯ ಹಿಂದೆ ಕೂತು ಲೆಕ್ಕದ ನೋಟ್‌ಬುಕ್ಕಿಗೆ ಅದನ್ನು ನಕಲು ಮಾಡುತ್ತಿದ್ದಳು. ನಾನು ಕಂಡೆ, ಸುಮ್ಮನಾದೆ.

ಆಗ ಇಲಾಖೆಯ ಇನ್ಸ್‌ಪೆಕ್ಟರು ಬಂದು ಒಂದು ಮಾತು ಹೇಳಿಹೋದರು. ಪೋಷಕರ ದಿನದಂದು ಲೈಬ್ರರಿ ಬಾಗಿಲಲ್ಲಿ ಗೌರವದ ಹಲಗೆ ಹಾಕಬೇಕು, ಹೆಚ್ಚು ಓದಿದ ಹತ್ತು ಹುಡುಗಿಯರ ಹೆಸರು ಇರಬೇಕು. ಅವರು ಕೇಳಿದ್ದು ಬರೀ ಹೆಸರು. ಹೆಸರಿನ ಕೆಳಗೆ ಪುಸ್ತಕಗಳನ್ನೂ ಬರೆದದ್ದು ಅಬ್ಲಾ. ಪಕ್ಕದ ಗಂಡುಮಕ್ಕಳ ಶಾಲೆಯ ಲೈಬ್ರರಿಯವನು, ನಿಮ್ಮ ಹುಡುಗಿಯರು ಹೊಲಿಗೆ ಚಿತ್ರ ನೋಡೋಕೆ ಪುಸ್ತಕ ಒಯ್ಯುತ್ತಾರೆ ಎಂದು ಅವರನ್ನು ಹಂಗಿಸಿದ್ದ. ಅದು ಎದೆಯಲ್ಲಿ ಕೂತಿತ್ತು. ಯಾವ ಪುಸ್ತಕ, ಎಷ್ಟು ಸಲ, ಎಲ್ಲವನ್ನೂ ದಫ್ತರು ನೋಡಿ ಇಳಿಸಿದರು. ವಸ್ಫಿಯಾ ಹೆಸರು ಎಲ್ಲಕ್ಕಿಂತ ಮೇಲೆ. ನಾನು ಕುರ್ಚಿ ಹಿಡಿದೆ, ಅವರು ಹತ್ತಿ ಮೊಳೆಗೆ ತೂಗುಹಾಕಿದರು. ಇಬ್ಬರೂ ಹಿಂದೆ ಸರಿದು ನಿಂತು ನೋಡಿದೆವು. ಚೆನ್ನಾಗಿ ಬಂದಿದೆ ಎಂದು ನಾನೂ ಹೇಳಿದೆ, ಸುಳ್ಳೇಕೆ.

ಪೋಷಕರ ದಿನ ಅಂಗಳದಲ್ಲಿ ಬೆಂಚು ಹಾಕಿದ್ದರು. ಬಂದವರೆಲ್ಲ ಗಂಡಸರು. ನಾನು ತಟ್ಟೆ ಹಿಡಿದು ಟೀ ಹಂಚುತ್ತಿದ್ದೆ. ಧಾನ್ಯದ ಅಂಗಡಿಯವನೊಬ್ಬನಿದ್ದ, ಹಾಜಿಗೂ ಅವನಿಗೂ ಕಾಲುವೆ ನೀರಿನ ವಿಷಯಕ್ಕೆ ಮೊದಲಿಂದಲೂ ಆಗದು. ಅವನು ಹಲಗೆಯ ಮುಂದೆ ನಿಂತು ಕನ್ನಡಕ ಏರಿಸಿ, ಎಲ್ಲರಿಗೂ ಕೇಳುವ ಹಾಗೆ ಓದಿದ. ಓದಿ ತಿರುಗಿದ.

"ಹಾಜಿ, ನಿಮ್ಮನೇಲಿ ವ್ಯಾಜ್ಯ ಬಂದ್ರೆ ಇನ್ನು ಸೊಹಾಗ್‌ನಿಂದ ವಕೀಲರನ್ನ ಕರೆಸೋದು ಬೇಡ ಬಿಡಿ. ಸೊಸೇನೇ ವಾದ ಮಾಡ್ತಾಳೆ. ನಿಮ್ಮ ಮಗ ಮಾತ್ರ ಈಗಿಂದ್ಲೇ ಎದುರು ಕಕ್ಷಿ ಬೆಂಚಲ್ಲಿ ಕೂತು ಅಭ್ಯಾಸ ಮಾಡ್ಕೊಳ್ಳಲಿ."

ಬೆಂಚಿನ ಮೇಲಿದ್ದವರು ನಕ್ಕರು. ಹಾಜಿ ಎದ್ದು ಬಂದು ಹಲಗೆ ಓದಿದರು. ಅವರಿಗೆ ಓದಲು ನಿಧಾನ, ಬೆರಳಿಟ್ಟು ಓದುತ್ತಿದ್ದರು. ನಾಲ್ಕು ಸಲ ಎಂಬಲ್ಲಿ ಬೆರಳು ನಿಂತಿತು. ನನ್ನ ತಟ್ಟೆಯಿಂದ ಟೀ ತೆಗೆದುಕೊಂಡು ಪೂರ್ತಿ ಕುಡಿದು, ಲೋಟ ವಾಪಸು ಇಟ್ಟು ಹೋದರು.

ಮಾರನೇ ದಿನ ವಸ್ಫಿಯಾ ಬರಲಿಲ್ಲ. ವಾರವಾಯಿತು. ಅವಳ ಜೊತೆಯ ಹುಡುಗಿಯರು ಬಂದು, ಇನ್ನು ಕಳಿಸುವುದಿಲ್ಲವಂತೆ, ಮದುವೆ ಬೇಗ ಮುಗಿಸುತ್ತಾರಂತೆ ಎಂದರು. ಅಬ್ಲಾ ಅಂದೇ ಹಲಗೆ ಇಳಿಸಿ ನಾಲ್ಕು ತುಂಡು ಮಾಡಿ ನನ್ನ ಒಲೆಗೆ ಕೊಟ್ಟರು. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ, ನನ್ನ ಜೊತೆ ಬಾ, ಒಬ್ಬಳೇ ಹೋದರೆ ಚೆನ್ನಲ್ಲ ಎಂದರು.

ಕಾಲುವೆ ದಡದಲ್ಲಿ ನಡೆಯುತ್ತಾ ಅವರು ಒಂದೇ ಮಾತು ಆಡಿದ್ದು. ಬರೆಯುವಾಗ ತಪ್ಪಾಯಿತು ಎಂದು ಹೇಳುತ್ತೇನೆ, ಬೇರೆಯವಳ ಪುಸ್ತಕ ಇವಳ ಹೆಸರಿನ ಕೆಳಗೆ ಬಿತ್ತು ಎನ್ನುತ್ತೇನೆ, ಈ ಒಂದು ಸುಳ್ಳನ್ನು ದೇವರು ನನ್ನ ಮೇಲೆ ಹಾಕಲಿ ಎಂದರು. ಒಳ್ಳೆಯ ಉಪಾಯ ಎಂದೇ ನನಗೂ ಅನ್ನಿಸಿತು.

ಹಾಜಿ ನಮ್ಮನ್ನು ಮರ್ಯಾದೆಯಿಂದಲೇ ಕೂರಿಸಿದರು. ಒಳಬಾಗಿಲಿನ ಪರದೆಯ ಕೆಳಗೆ ಎರಡು ಬರಿಗಾಲು ಕಾಣಿಸುತ್ತಿದ್ದವು. ವಸ್ಫಿಯಾ. ಟೀ ಬಂತು. ನಾವು ಮುಟ್ಟಲಿಲ್ಲ. ಏನಾದರೂ ಬೇಡಿ ಬಂದವರು, ಬೇಡಿದ್ದು ಸಿಗುವವರೆಗೆ ಮನೆಯವರ ಟೀ ಮುಟ್ಟಬಾರದು, ಹಾಜಿಗೆ ಅದು ಅರ್ಥವಾಯಿತು. "ಮೊದಲು ಕುಡೀರಿ" ಎಂದರು. ಮೊದಲು ಮಾತು ಕೇಳಿ ಎಂದು ಅಬ್ಲಾ ತಮ್ಮ ಸುಳ್ಳನ್ನು ಹೇಳಿದರು. ಚೆನ್ನಾಗಿಯೇ ಹೇಳಿದರು.

ಹಾಜಿಯ ಮುಖ ಸಡಿಲವಾಯಿತು. ಅವರಿಗೂ ಆ ಹುಡುಗಿಯನ್ನು ಮನೆಯಲ್ಲಿ ಕೂಡಿಹಾಕಿದ್ದು ಸುಖವಾಗಿರಲಿಲ್ಲ, ನೋಡಿದರೆ ತಿಳಿಯುತ್ತಿತ್ತು.

"ಅಲ್ಲಾಹು ನಿಮಗೆ ಒಳ್ಳೇದು ಮಾಡ್ಲಿ ಅಬ್ಲಾ, ನನ್ನ ಎದೆ ಮೇಲಿನ ಕಲ್ಲು ಇಳಿಸಿದ್ರಿ. ಹಾಗಾದ್ರೆ ಆ ಪುಸ್ತಕ ಯಾರದು?"

ಅಬ್ಲಾ ತಲೆಯ ಬಟ್ಟೆ ಸರಿಮಾಡಿಕೊಂಡರು.

"ಯಾರ ಮಗಳು, ಹೇಳಿ. ನಾಳೆ ಸಂತೇಲಿ ಆ ಧಾನ್ಯದಂಗಡಿಯೋನ ಮುಂದೆ ನಿಂತು ಆ ಹೆಸರು ಹೇಳ್ತೀನಿ. ನಾಡಿದ್ದು ಬೆಳಿಗ್ಗೆ ವಸ್ಫಿಯಾ ನಿಮ್ಮ ಶಾಲೇಲಿ ಇರ್ತಾಳೆ. ಈ ಗಡ್ಡದಾಣೆ. ಹೆಸರಿಲ್ದೆ ಬರೀ ತಪ್ಪಾಯ್ತು ಅಂದ್ರೆ ಯಾರು ನಂಬ್ತಾರೆ? ನಾನೇ ಬಂದು ನಿಮ್ಮ ಕಾಲು ಹಿಡಿದೆ ಅಂತಾರೆ."

ದಾರಿಯುದ್ದಕ್ಕೂ ಈ ಒಂದು ಪ್ರಶ್ನೆ ನಮ್ಮಿಬ್ಬರ ತಲೆಗೂ ಹೊಳೆದಿರಲಿಲ್ಲ. ನಾನು ಬಗ್ಗಿ ಅವರ ಕಿವಿಯಲ್ಲಿ, ರೈಲ್ವೆ ಗಾರ್ಡಿನ ಮಗಳ ಹೆಸರು ಹೇಳಿಬಿಡಿ, ಅವರಪ್ಪನಿಗೆ ಅಲೆಕ್ಸಾಂಡ್ರಿಯಾಕ್ಕೆ ವರ್ಗವಾಗಿದೆ, ಊರಲ್ಲೇ ಇಲ್ಲ ಎಂದೆ. ಅವರು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಕೋಪ ಇರಲಿಲ್ಲ ಅದರಲ್ಲಿ. ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ಹಾಜಿ," ಎಂದರು, "ಒಬ್ಬ ಹುಡುಗಿ ಹೆಸರನ್ನ ಬೀದಿಗೆ ಹಾಕಿ ಬಂದಿದ್ದೀನಿ. ಇನ್ನೊಬ್ಬಳದನ್ನ ಹಾಕಲ್ಲ. ಬೇಕಾದ್ರೆ ನನ್ನ ಹೆಸರು ಹೇಳಿ. ಆ ಪುಸ್ತಕ ನಾನೇ ಅವಳ ಕೈಗೆ ತುರುಕಿದೆ, ನಾಲ್ಕು ಸಲಾನೂ, ಅಂತ ಸಂತೇಲಿ ಹೇಳಿ. ನಾನು ಇಲ್ಲ ಅನ್ನಲ್ಲ."

ಹಾಜಿ ತಮ್ಮ ಜಪಮಣಿ ಮಡಿಸಿ ಪಕ್ಕಕ್ಕಿಟ್ಟರು.

"ನೀವೇ ತುರುಕಿದ್ರಿ ಅಂದ್ರೆ, ಅಂಥವರ ಹತ್ರ ನನ್ನ ಹುಡುಗೀನ ನಾನು ಹ್ಯಾಗೆ ಕಳಿಸ್ಲಿ, ನೀವೇ ಹೇಳಿ."

ಟೀ ತಣ್ಣಗಾಗಿ ಮೇಲೆ ಕೆನೆಯ ಹಾಗೆ ಒಂದು ಪೊರೆ ಕಟ್ಟಿತ್ತು. ಲೋಟ ತುಂಬಿದ್ದ ಹಾಗೆಯೇ ಎದ್ದುಬಂದರೆ ಆ ಮನೆಯ ಜೊತೆ ಮಾತು ಮುರಿದ ಹಾಗೆ, ಮತ್ತೆ ಬಾಗಿಲು ತಟ್ಟುವಂತಿಲ್ಲ. ಕುಡಿದರೆ, ನೀವು ಹೇಳಿದ್ದಕ್ಕೆ ಒಪ್ಪಿದೆ ಎಂದ ಹಾಗೆ. ಅಬ್ಲಾ ಲೋಟ ನೋಡುತ್ತಾ ಕೂತರು. ಆಮೇಲೆ ಎರಡು ಕೈಯಲ್ಲೂ ಅದನ್ನು ಎತ್ತಿ, ತಣ್ಣನೆಯ ಟೀಯನ್ನು ತಳದ ಚರಟದವರೆಗೆ ಕುಡಿದರು. ಪರದೆಯ ಕೆಳಗಿನ ಕಾಲುಗಳು ಅಲ್ಲಿಂದ ಸರಿದುಹೋದವು.

ಬರುವಾಗ ನಾನು ಅವರ ಮೇಲೆ ಸಿಟ್ಟಾದೆ. ಗಾರ್ಡಿನ ಮಗಳಿಗೆ ಏನಾಗುತ್ತಿತ್ತು, ಎಲ್ಲೋ ಸಮುದ್ರದ ದಂಡೆಯಲ್ಲಿ ಇದ್ದಾಳೆ ಎಂದೆ. ಅವಳ ಇಬ್ಬರು ತಂಗಿಯರು ಅಜ್ಜಿ ಮನೆಯಲ್ಲಿ ಇಲ್ಲೇ ಇದ್ದಾರೆ, ಒಬ್ಬಳು ಎರಡನೇ ವರ್ಷದಲ್ಲಿ ಓದುತ್ತಿದ್ದಾಳೆ ಎಂದರು ಅಬ್ಲಾ. ನಾನು ದಿನಾ ಅವಳ ಕ್ಲಾಸು ಗುಡಿಸುತ್ತಿದ್ದೆ. ನೆನಪೇ ಆಗಿರಲಿಲ್ಲ.

ಆಮೇಲೆ ಎರಡು ಸಲ ಹೋದರು, ದೌಲತ್ ಅವರನ್ನೂ ಕರೆದುಕೊಂಡು ಹೋದರು. ಎರಡು ಸಲವೂ ಟೀ ಕುಡಿದು ಬಂದರು.

ಪರೀಕ್ಷೆಗೆ ವಸ್ಫಿಯಾಳ ಹೆಸರು ಮೊದಲೇ ಹೋಗಿತ್ತು. ಹಾಗಾಗಿ ಅವಳ ಸಂಖ್ಯೆಯ ಚೀಟಿಯೂ ಬಂತು. ಮೇಜುಗಳ ಮೇಲೆ ಚೀಟಿ ಅಂಟಿಸುವ ಕೆಲಸ ನನ್ನದು. ಕಿಟಕಿಯ ಪಕ್ಕದ ಮೂರನೇ ಮೇಜಿಗೆ ಅವಳದನ್ನು ಅಂಟಿಸಿದೆ. ಪರೀಕ್ಷೆ ಶುರುವಾಗಿ ಅರ್ಧ ಗಂಟೆ ಗೇಟು ತೆಗೆದಿರುತ್ತದೆ, ತಡವಾಗಿ ಬಂದವರಿಗೆ ಎಂದು. ಆ ಅರ್ಧ ಗಂಟೆ ಅಬ್ಲಾ ಬಿಸಿಲಲ್ಲಿ ಗೇಟಿನ ಹತ್ತಿರ ನಿಲ್ಲುತ್ತಿದ್ದರು, ಕೈಯಲ್ಲಿ ಎರಡು ಪೆನ್ನು, ಒಂದು ರಬ್ಬರು. ಮೊದಲನೇ ದಿನ ನಿಂತರು, ಎರಡನೇ ದಿನ ನಿಂತರು. ಒಂಬತ್ತು ದಿನ ಪರೀಕ್ಷೆ ನಡೆಯಿತು. ಕೊನೆಯ ದಿನ ಕಾವಲುಗಾರ ಗೇಟು ಎಳೆಯುವಾಗ, ಇನ್ನೊಂದು ನಿಮಿಷ ಮಾಮಾ ಎಂದು ಕೇಳಿಕೊಂಡರು. ಅವನು ಐದು ನಿಮಿಷ ಕೊಟ್ಟ. ಪರೀಕ್ಷೆ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಚೀಟಿಗಳನ್ನೆಲ್ಲ ಉಜ್ಜಿ ತೆಗೆದೆ. ಬೇರೆಯವು ಹುಡುಗಿಯರ ಮೊಣಕೈ ತಾಗಿ ಅರ್ಧ ಎದ್ದುಹೋಗಿದ್ದವು. ಅವಳದು ಮಾತ್ರ ಗಟ್ಟಿಯಾಗಿ ಕೂತಿತ್ತು, ಬಹಳ ಹೊತ್ತು ಹಿಡಿಯಿತು.

ಬೇಸಿಗೆಯಲ್ಲಿ ಮದುವೆ ಆಯಿತು. ನಾನು ಹೆಂಗಸರ ಕಡೆ ಪಾತ್ರೆ ತೊಳೆಯಲು ಹೋಗಿದ್ದೆ. ಬರೆಸುವವರು ಬಾಗಿಲ ಹತ್ತಿರ ಬಂದು ಒಪ್ಪಿಗೆಯಾ ಎಂದು ಕೇಳಿದರು. ಹುಡುಗಿ ಹೂಂ ಅಂದಳು. ಅಂದು, ಒಂದು ಷರತ್ತು ಬರೆಯಿರಿ, ಮುಂದಿನ ವರ್ಷ ನನ್ನನ್ನು ಪರೀಕ್ಷೆಗೆ ಕೂರಿಸಬೇಕು ಎಂದಳು. ಮೆಲ್ಲಗೇ ಹೇಳಿದಳು, ಆದರೆ ಎಲ್ಲರಿಗೂ ಕೇಳಿತು. ಬರೆಸುವವರು ಹಾಜಿಯ ಮುಖ ನೋಡಿದರು. ಹಾಜಿ ನೆಲ ನೋಡಿದರು. ಯಾರೋ ಮುದುಕಿ, "ವಕೀಲಮ್ಮ ಶುರು ಮಾಡಿದ್ಲು" ಎಂದು ನಗಾಡಿ ಮದುವೆಯ ಹರ್ಷದ ಕೇಕೆ ಹಾಕಿದಳು, ಉಳಿದವರೂ ಕೇಕೆ ಹಾಕಿದರು, ಆ ಗದ್ದಲದಲ್ಲಿ ಅದು ಬರೆಯದೆಯೇ ಮುಗಿಯಿತು.

ಅಬ್ಲಾಗೆ ಇದನ್ನು ಹೇಳಿದಾಗ ಅವರು ಪುಸ್ತಕದ ಬೆನ್ನು ಹೊಲಿಯುತ್ತಿದ್ದರು. "ಕೇಳಿದ್ಲಾ? ಬಾಯಿ ಬಿಟ್ಟು ಕೇಳಿದ್ಲಾ?" ಎಂದರು. ಹೌದು ಎಂದೆ. ಸೂಜಿ ಕೆಳಗಿಟ್ಟು ಗೋಡೆಯ ಕಡೆ ತಿರುಗಿದರು.

ಮುಂದಿನ ವರ್ಷ ಇನ್ಸ್‌ಪೆಕ್ಟರು ಹಲಗೆ ಎಲ್ಲಿ ಎಂದು ಕೇಳಿದರು. ಇಲ್ಲ ಎಂದರು ಅಬ್ಲಾ. ಬರೀ ಹೆಸರಾದರೂ ಹಾಕಿ ಎಂದರು ಅವರು. ಅದೂ ಇಲ್ಲ. ಅಬ್ಲಾ ಅವರ ಕಡತಕ್ಕೆ ಒಂದು ಕೆಂಪು ಶರಾ ಬಿತ್ತು, ಪ್ರತಿ ವರ್ಷವೂ ಒಂದೊಂದು ಬಿತ್ತು. ಅವರ ನಂತರ ಕೆಲಸಕ್ಕೆ ಸೇರಿದವರು ಜಿಲ್ಲೆಯ ದೊಡ್ಡ ಹುದ್ದೆಗೆ ಹೋದರು. ಇವರು ಅದೇ ಕೋಣೆಯಲ್ಲಿ ಉಳಿದರು. ಆ ತೆಳ್ಳನೆಯ ಪುಸ್ತಕವನ್ನು ಕಪಾಟಿನಿಂದ ತೆಗೆಯಿರಿ ಎಂದು ದೌಲತ್ ಅವರು ಹೇಳಿದಾಗ ಮಾತ್ರ, ತಪ್ಪು ಮಾಡಿದ್ದು ನಾನು, ಪುಸ್ತಕ ಅಲ್ಲ ಎಂದರು. ಅದು ಅಲ್ಲೇ ಇತ್ತು. ಹುಡುಗಿಯರು ಒಯ್ಯುತ್ತಿದ್ದರು. ಯಾರೆಂದು ನನಗೆ ಗೊತ್ತಿಲ್ಲ, ಆ ಹೊತ್ತಿಗೆ ನಾನೂ ಕಿಟಕಿ ಕಡೆ ತಿರುಗುವುದನ್ನು ಕಲಿತಿದ್ದೆ.

ವಸ್ಫಿಯಾಳನ್ನು ಅವರು ಮತ್ತೆ ನೋಡಿದ್ದು ಹನ್ನೊಂದು ವರ್ಷ ಕಳೆದ ಮೇಲೆ, ಹಿಟ್ಟಿನ ಗಿರಣಿಯಲ್ಲಿ. ನಾನೂ ಅಬ್ಲಾನೂ ಒಟ್ಟಿಗೆ ಗೋಧಿ ಬೀಸಿಸಲು ಹೋಗಿದ್ದೆವು. ಸರದಿಯಲ್ಲಿ ನಮ್ಮ ಮುಂದೆ ಕಪ್ಪು ಬಟ್ಟೆಯ ದಪ್ಪನೆಯ ಹೆಂಗಸು, ಸೊಂಟದಲ್ಲಿ ಮಗು. ತಿರುಗಿದಾಗ ರೆಪ್ಪೆಯ ಮೇಲೆಲ್ಲ ಹಿಟ್ಟು. ನನಗೆ ಗುರುತೇ ಸಿಗಲಿಲ್ಲ. ಅಬ್ಲಾಗೆ ಸಿಕ್ಕಿತು. ಅವಳು ಬಗ್ಗಿ ಅವರ ಕೈಗೆ ಮುತ್ತಿಟ್ಟಳು. ಚೆನ್ನಾಗಿದ್ದೀನಿ, ಮೂವರು ಗಂಡುಮಕ್ಕಳು, ಗಂಡ ಕೆಟ್ಟವನಲ್ಲ, ದೊಡ್ಡಪ್ಪ ತೀರಿಕೊಂಡರು ಎಂದೆಲ್ಲ ಹೇಳಿದಳು. ಗಿರಣಿಯ ಸದ್ದಿಗೆ ಜೋರಾಗಿ ಹೇಳಬೇಕಿತ್ತು. ಆಮೇಲೆ ಹತ್ತಿರ ಬಂದಳು.

"ಆವತ್ತು ನಾನು ಪರದೆ ಹಿಂದೆ ಇದ್ದೆ ಅಬ್ಲಾ. ಯಾರ ಹೆಸರಾದ್ರೂ ಹೇಳ್ಬಿಡ್ಲಿ, ಹೇಳ್ಬಿಡ್ಲಿ ಅಂತ ದೇವರನ್ನ ಬೇಡ್ಕೊತಾ ಇದ್ದೆ. ನನ್ನ ಗೆಳತೀದೇ ಆದ್ರೂ ಆಗ್ಲಿ ಅಂತ."

"ಗೊತ್ತಮ್ಮ."

"ನೀವು ಮಾಡಿದ್ದು ಸರಿ ಅಂತ ಈಗ ಗೊತ್ತಾಗುತ್ತೆ. ಆದ್ರೂ ನಂಗೆ ಸಿಟ್ಟು ಹೋಗಿಲ್ಲ. ಸುಳ್ಳು ಹೇಳಲಾರೆ ನಿಮಗೆ."

"ಇರ್ಲಿ ಕಂದಾ," ಎಂದರು ಅಬ್ಲಾ. "ಹಲಗೆ ಬರೆದದ್ದು ನಾನೇ ಅಲ್ವಾ. ಆ ಸಿಟ್ಟನ್ನ ಇಟ್ಕೋ, ನಿನ್ನ ಹಕ್ಕು ಅದು."

ಅವಳ ಸರದಿ ಬಂತು. ಬೀಸಿದ ಹಿಟ್ಟಿನ ಚೀಲ ತಲೆಗೆ ಏರಿಸಿಕೊಡಲು ಅಬ್ಲಾ ಕೈ ಹಾಕಿದರು, ಅವಳು ಬೇಡ ಎನ್ನಲಿಲ್ಲ. ಕಾಲುವೆಯ ತಿರುವಿನವರೆಗೆ ಅವಳು ಹೋಗುವುದನ್ನು ನೋಡಿದರು.

ನಮ್ಮ ಗೋಧಿಯನ್ನೂ ಬೀಸಿಸಿಕೊಂಡು ಅಲ್ಲಿಂದ ನಮ್ಮ ಮನೆಗೇ ಬಂದೆವು. ಬೆಳಿಗ್ಗೆ ಕಲಸಿ ಮಣ್ಣಿನ ತಟ್ಟೆಗಳ ಮೇಲೆ ತಟ್ಟಿ ಮಾಳಿಗೆಯ ಬಿಸಿಲಿಗೆ ಇಟ್ಟಿದ್ದ ರೊಟ್ಟಿಗಳು ಉಬ್ಬಿ ನಿಂತಿದ್ದವು. ಇನ್ನೂ ತಡ ಮಾಡಿದರೆ ಹುಳಿ ಬರುತ್ತಿತ್ತು. ನಾನು ಒಲೆಗೆ ಜೋಳದ ಕಡ್ಡಿ ತುಂಬಿ ಬೆಂಕಿ ಹಚ್ಚಿದೆ. ಅಬ್ಲಾ ತೋಳು ಮಡಚಿ, ಕೈ ತೊಳೆದು, ನನ್ನ ಬ್ಲೇಡು ತೆಗೆದುಕೊಂಡು ಬೇಯುವಾಗ ಅರಳಲಿ ಎಂದು ಒಂದೊಂದೇ ರೊಟ್ಟಿಯ ಅಂಚನ್ನು ಸುತ್ತಲೂ ಸೀಳಿದರು. ಸೀಳಿದ್ದನ್ನು ನನಗೆ ಕೊಟ್ಟರು, ನಾನು ಒಳಗೆ ತಳ್ಳಿದೆ. ಹದಿನೆಂಟು ರೊಟ್ಟಿ ಇದ್ದವು. ಮೊದಲನೆಯದು ಕೆಂಪಾಗುತ್ತಿದ್ದಂತೆ ಅವರು ಮೊರ ತಂದು ನನ್ನ ಪಕ್ಕಕ್ಕೆ ಇಟ್ಟು, ಹೊಗೆಗೆ ಕಣ್ಣು ಒರೆಸಿಕೊಂಡು, ಮುಂದಿನ ತಟ್ಟೆ ಎಳೆದುಕೊಂಡರು.